ಒಟ್ಟಿಗೆ ಬಂದವರಿಗೆ ಒಟ್ಟಿಗೆ ವಯಸ್ಸಾಗತ್ತೆ: ಬೆಂಗಳೂರಿನ ಬಡಾವಣೆಗಳ ಲೆಕ್ಕ

ನಮ್ಮ ಬಡಾವಣೆ ಸಂಘದವರು ಕರೆದಿದ್ದ ಭಾನುವಾರದ ಸಭೇಲಿ ಮಾತಾಡಿದ್ದನ್ನ ಬರೆದು ಹಾಕ್ತಿದ್ದೀನಿ, ಬರೋಕಾಗದೇ ಇದ್ದವರು ಕೇಳಿದ್ರು ಅಂತ. ಮಾತಿನ ಧಾಟಿ ಹಾಗೇ ಇಟ್ಟಿದ್ದೀನಿ, ಕೊನೇಲಿ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದವು ಇವೆ.

ಎಲ್ರಿಗೂ ನಮಸ್ಕಾರ. ಹಿರಿಯ ನಾಗರಿಕರ ಸಮಸ್ಯೆಗಳ ಬಗ್ಗೆ ಮಾತಾಡಿ ಮೇಡಂ ಅಂತ ಕರೆದ್ರು. ಬಿಪಿ, ಶುಗರ್, ಮಂಡಿನೋವು ಇದರ ಬಗ್ಗೆ ಹೇಳೋಕೆ ಡಾಕ್ಟರ್‌ಗಳಿದ್ದಾರೆ, ನಾನು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದವಳು, ಎರಡು ಸಲ ಜನಗಣತಿ ಡ್ಯೂಟಿ ಮಾಡಿದವಳು, 2001ರಲ್ಲಿ ಒಂದು, 2011ರಲ್ಲಿ ಒಂದು. ಹಾಗಾಗಿ ನನಗೆ ಗೊತ್ತಿರೋದನ್ನೇ ಹೇಳ್ತೀನಿ. ಬೆಂಗಳೂರಲ್ಲಿ ಒಂದು ಬಡಾವಣೆಗೆ ಸೈಟು ಹಂಚಿದ ವರ್ಷ ಯಾವುದು ಅಂತ ಗೊತ್ತಾದ್ರೆ, ಇವತ್ತು ಆ ಬೀದೀಲಿ ಯಾವ ವಯಸ್ಸಿನವರು ಜಾಸ್ತಿ ಇದ್ದಾರೆ ಅಂತ ಹೆಚ್ಚುಕಮ್ಮಿ ಸರಿಯಾಗೇ ಹೇಳ್ಬಹುದು, ಮತ್ತೆ ಇನ್ನು ಇಪ್ಪತ್ತು ವರ್ಷಕ್ಕೆ ಏನಾಗತ್ತೆ ಅಂತಾನೂ ಹೇಳ್ಬಹುದು. ಅಂದ್ಮೇಲೆ ಮುಂಚೇನೇ ತಯಾರಾಗ್ಬಹುದಿತ್ತು. ನಾವು ಆಗ್ಲಿಲ್ಲ, ಈಗ ಹೊಸ ಬಡಾವಣೆಗಳಲ್ಲೂ ಆಗ್ತಿಲ್ಲ, ಅದೇ ನನ್ನ ಸಂಕಟ.

ಬೆಂಗಳೂರು ಬೆಳೆದಿದ್ದೇ ಬಡಾವಣೆ ಬಡಾವಣೆಯಾಗಿ ತಾನೇ. 1898ರ ಪ್ಲೇಗಿನ ಹೊತ್ತಿಗೆ ಪೇಟೆಯ ಇಕ್ಕಟ್ಟಿಂದ ಹೊರಗೆ ಅಂತ ಬಸವನಗುಡಿ, ಮಲ್ಲೇಶ್ವರ ಬಂತು. 1945ರಲ್ಲಿ ಸಿಐಟಿಬಿ, ಅಂದ್ರೆ ಹೊಸ ಬಡಾವಣೆ ಮಾಡೋ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯ್ತು, 1948ರಲ್ಲಿ ರಾಜಗೋಪಾಲಾಚಾರಿಯವರು ಬಂದು ಜಯನಗರಕ್ಕೆ ಅಡಿಗಲ್ಲು ಹಾಕಿದ್ರು, ಅಶೋಕ ಪಿಲ್ಲರ್ ಅದರ ನೆನಪಿಗೇ ನಿಂತಿರೋದು. 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಆಯ್ತು. ಇದು ಸರ್ಕಾರ ಮಾಡಿದ್ದು. ಇನ್ನೊಂದು ಕಡೆ ಕಾರ್ಖಾನೆಗಳು, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಆಮೇಲೆ 1964ರಲ್ಲಿ ಬಿಇಎಂಎಲ್. ಈ ಕಾರ್ಖಾನೆ ನೌಕರರು, ಬ್ಯಾಂಕಿನವರು, ಎಲ್‌ಐಸಿಯವರು, ಮೇಷ್ಟ್ರುಗಳು, ಎಲ್ಲ ಒಂದೊಂದು ಗೃಹ ನಿರ್ಮಾಣ ಸಹಕಾರ ಸಂಘ ಕಟ್ಕೊಂಡು ಜಮೀನು ತಗೊಂಡು ಲೇಔಟ್ ಮಾಡಿದ್ರು. ಬಿಇಎಲ್ ಲೇಔಟ್, ಐಟಿಐ ಲೇಔಟ್, ಬ್ಯಾಂಕ್ ಕಾಲೋನಿ, ಟೀಚರ್ಸ್ ಕಾಲೋನಿ, ಎಲ್‌ಐಸಿ ಕಾಲೋನಿ, ಈ ಹೆಸರುಗಳು ಊರಿನ ನಾಲ್ಕೂ ದಿಕ್ಕಲ್ಲಿ ಸಿಗ್ತವೆ.

ಸೊಸೈಟಿ ಲೇಔಟ್ ಅಂದ್ರೆ ಏನಾಯ್ತು ನೋಡಿ. ಒಂದೇ ಕಡೆ ಕೆಲಸ, ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿದವರು, ಸೈಟಿಗೆ ದುಡ್ಡು ಕಟ್ಟೋ ಶಕ್ತಿ ಬಂದಿದ್ದೂ ಒಂದೇ ಹೊತ್ತಿಗೆ, ಮೂವತ್ತೈದು ನಲವತ್ತರ ಆಸುಪಾಸಲ್ಲಿ. ಎಂಬತ್ತರ ದಶಕದ ಶುರುವಲ್ಲಿ ಎಲ್ರೂ ಪಿಎಫ್ ತೆಗೆದು, ಸಾಲ ಮಾಡಿ, ಹೆಂಡ್ತಿ ಬಳೆ ಅಡ ಇಟ್ಟು ಮನೆ ಕಟ್ಟಿದ್ರು. ಎಲ್ರ ಮನೇಲೂ ಐದು ವರ್ಷದ್ದೋ ಹತ್ತು ವರ್ಷದ್ದೋ ಮಕ್ಕಳು. ನಾನು ಟೀಚರಾದ್ದರಿಂದ ನನಗೆ ಕಾಣೋದು ಹೀಗೆ, ಒಂದೇ ಬ್ಯಾಚು ಒಂದನೇ ಕ್ಲಾಸಿಗೆ ಸೇರಿ ಒಟ್ಟಿಗೇ ಏಳನೇ ಕ್ಲಾಸಿಗೆ ಹೋಗತ್ತಲ್ಲ, ಹಾಗೆ ಇಡೀ ಬೀದಿ ಒಟ್ಟಿಗೆ ಪಾಸಾಗ್ತಾ ಹೋಯ್ತು. ವ್ಯತ್ಯಾಸ ಏನಂದ್ರೆ ಸ್ಕೂಲಿಗೆ ಪ್ರತಿ ಜೂನಲ್ಲೂ ಹೊಸ ಮಕ್ಕಳು ಬರ್ತಾರೆ, ಲೇಔಟಿಗೆ ಬರೋಕೆ ಜಾಗಾನೇ ಇರ್ಲಿಲ್ಲ, ಸೈಟೆಲ್ಲ ಮೊದಲ ದಿನವೇ ಖರ್ಚಾಗಿತ್ತು.

ಸುಮ್ನೆ ಕೂಡಿ ನೋಡಿ. 1982ರಲ್ಲಿ ಮೂವತ್ತೆಂಟು ವರ್ಷದವರು ಗೃಹಪ್ರವೇಶ ಮಾಡಿದ್ರು ಅಂದ್ಕೊಳಿ. 1992ಕ್ಕೆ ಅವರ ಮಕ್ಕಳು ಪಿಯುಸಿ, ಇಂಜಿನಿಯರಿಂಗು. 2002, 2004ಕ್ಕೆ ಅಪ್ಪ ರಿಟೈರ್, ಕೆಲವರು ಅದಕ್ಕೂ ಮುಂಚೆ ವಿಆರ್‌ಎಸ್ ತಗೊಂಡ್ರು, ಮಗ ಅಮೆರಿಕದಲ್ಲೋ ವೈಟ್‌ಫೀಲ್ಡಲ್ಲೋ. ಈಗ ಅವರಿಗೆ ಎಂಬತ್ತು ದಾಟಿದೆ. ಇದು ಒಂದು ಮನೆ ಕಥೆ ಆಗಿದ್ರೆ ಅದು ಆ ಮನೆಯವರ ಪಾಡು. ಆದ್ರೆ ಒಂದು ಬೀದೀಲಿ ನಲವತ್ತು ಮನೆ, ನಲವತ್ತರಲ್ಲೂ ಇದೇ ಆದಾಗ ಆಪತ್ಕಾಲಕ್ಕೆ ಓಡಿ ಬರೋ ಪಕ್ಕದ ಮನೆಯವರಿಗೂ ಎಂಬತ್ತೇ ಆಗಿರತ್ತೆ. ರಾತ್ರಿ ಎರಡು ಗಂಟೆಗೆ ಯಜಮಾನರು ಬಾತ್‌ರೂಮಲ್ಲಿ ಬಿದ್ರೆ ಎತ್ತೋಕೆ ಕೈ ಬೇಕಲ್ಲ, ಆ ಬೀದೀಲಿ ಎತ್ತೋ ವಯಸ್ಸಿನ ಕೈಗಳೇ ಇಲ್ಲ.

ಮಕ್ಕಳು ಯಾಕೆ ಉಳೀಲಿಲ್ಲ ಅನ್ನೋದಕ್ಕೆ ನಾವು ಬೇಗ ಅವರನ್ನ ಬೈದು ಮುಗಿಸ್ತೀವಿ. ಎಲ್ರೂ ವಿದೇಶಕ್ಕೆ ಹೋಗಿಲ್ಲ, ಇದೇ ಊರಲ್ಲಿ ಇರೋರೇ ಎಷ್ಟೋ ಜನ. ಎಲೆಕ್ಟ್ರಾನಿಕ್ ಸಿಟಿಯನ್ನ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲೇ ಶುರು ಮಾಡಿತ್ತು, ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಅಲ್ಲಿಗೂ ವೈಟ್‌ಫೀಲ್ಡಿಗೂ ಹೋದ್ವು. ವಿದ್ಯಾರಣ್ಯಪುರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿ ಬಂದು ಸಂಸಾರ ಮಾಡಿ ಅಂದ್ರೆ ಯಾರಿಂದ ಆಗತ್ತೆ. ಅಪ್ಪಂಗೆ ಕಾರ್ಖಾನೆ ಬಸ್ಸು ಮನೆ ಹತ್ರ ಬರ್ತಿತ್ತು, ಶಿಫ್ಟ್ ಮುಗಿಸಿ ಸಂಜೆ ಮನೇಲಿರ್ತಿದ್ರು. ಕೆಲಸ ಊರಿನ ಇನ್ನೊಂದು ತುದಿಗೆ ಹೋದ್ಮೇಲೆ ಮಗನ ಸಂಸಾರಾನೂ ಅಲ್ಲಿಗೇ ಹೋಯ್ತು. ಅವನಿಗಂತಾನೇ ಕಟ್ಟಿದ ಮೇಲಿನ ಮಹಡಿ ಬಾಡಿಗೆಗೆ ಹೋಯ್ತು.

2011ರ ಗಣತಿಯದ್ದು ಒಂದು ಮನೆ ಹೇಳ್ತೀನಿ. ಆ ಸಲ ಫೆಬ್ರವರಿ 9ರಿಂದ 28ರವರೆಗೆ ಮನೆಮನೆಗೆ ಹೋಗಿ ಜನರನ್ನ ಬರ್ಕೋಬೇಕಿತ್ತು. ಮನೇಲಿ ಅಮ್ಮ ಒಬ್ರೇ, ಯಜಮಾನರು ತೀರ್ಕೊಂಡು ಸ್ವಲ್ಪ ಕಾಲ ಆಗಿತ್ತು, ಕೂರಿಸಿ ಕಾಫಿ ಕೊಟ್ರು. ಕುಟುಂಬದ ಮುಖ್ಯಸ್ಥರು ಯಾರು ಅಂತ ಮೊದಲ ಕಾಲಂ, ಅದಕ್ಕೇ ಅವರು ತಡವರಿಸಿದ್ರು, ಮಗನ ಹೆಸರು ಹೇಳಿದ್ರು. ಮಗ ಎಲ್ಲಿದ್ದಾರೆ ಅಮ್ಮ ಅಂದೆ, ಟೆಕ್ಸಾಸ್ ಅಂದ್ರು. ಗಣತಿ ನಡೆಯೋ ಅಷ್ಟೂ ದಿನ ಊರಲ್ಲಿ ಇಲ್ಲದೇ ಇರೋರನ್ನ ಬರ್ಕೊಳೋ ಹಾಗಿಲ್ಲ ಅಂತ ರೂಲ್ಸು. ಮೆತ್ತಗೆ ಹೇಳಿದೆ. "ಹಂಗಂದ್ರೆ ಹೆಂಗ್ರೀ ಮೇಡಂ, ಯುಗಾದಿಗೆ ಬರ್ತಾನೆ, ರೂಮು ಹಾಗೇ ಇದೆ, ಬೇಕಾದ್ರೆ ಬಂದು ನೋಡಿ" ಅಂದ್ರು, ಎದ್ದು ಹೋಗಿ ಬಾಗಿಲು ತೆಗೆದು ತೋರ್ಸಿದ್ರು ಕೂಡ. ಮಂಚಕ್ಕೆ ಒಗೆದ ಬೆಡ್‌ಶೀಟ್ ಹಾಕಿತ್ತು, ಟೇಬಲ್ ಮೇಲೆ ಇಂಜಿನಿಯರಿಂಗ್ ಪುಸ್ತಕಗಳು. ನಾನು ಮುಖ್ಯಸ್ಥರ ಕಾಲಮ್ಮಲ್ಲಿ ಆ ಅಮ್ಮನ ಹೆಸರೇ ಬರೆದೆ, ಕುಟುಂಬದ ಒಟ್ಟು ಸಂಖ್ಯೆ ಒಂದು. ಮೇಲಿನ ಮನೇಲಿ ನಾಲ್ಕು ಹುಡುಗರು ಬಾಡಿಗೆಗಿದ್ರು, ಒಬ್ಬ ರಾಯಚೂರು, ಒಬ್ಬ ಒಡಿಶಾ, ಇನ್ನಿಬ್ಬರು ಆಂಧ್ರದವರು, ಎಲ್ರಿಗೂ ಇಪ್ಪತ್ತಮೂರು ಇಪ್ಪತ್ತನಾಲ್ಕು. ಅದು ಇನ್ನೊಂದು ಕುಟುಂಬ ಅಂತ ಲೆಕ್ಕ. ಕೆಳಗೆ ಎಪ್ಪತ್ತು, ಮೇಲೆ ಇಪ್ಪತ್ತಮೂರು, ನಡುವೆ ಯಾರೂ ಇಲ್ಲ.

ಈ "ನಡುವೆ ಯಾರೂ ಇಲ್ಲ" ಅನ್ನೋದನ್ನ ದಯವಿಟ್ಟು ಗಮನಿಸಿ. ಹಳೇ ಬಡಾವಣೆಗಳು ಮುದುಕರ ಊರಾಗ್ತಿವೆ ಅಂತ ಪೇಪರಲ್ಲಿ ಬರೀತಾರೆ, ಅದು ಅರ್ಧ ಮಾತ್ರ. ನನಗೆ ಕಾಣೋದು ಎರಡು ಗುಂಪು, ಅರವತ್ತು ದಾಟಿದವರು ಒಂದು, ಪಿಜಿಗೂ ಬಾಡಿಗೆಗೂ ಬಂದ ಇಪ್ಪತ್ತೆರಡರಿಂದ ಮೂವತ್ತರ ಒಳಗಿನವರು ಇನ್ನೊಂದು. ಕಾಣೆಯಾಗಿರೋದು ಮೂವತ್ತೈದು ನಲವತ್ತೈದರ ಅಪ್ಪ ಅಮ್ಮಂದಿರು ಮತ್ತೆ ಅವರ ಮಕ್ಕಳು. ಸಂಸಾರಸ್ಥರು ಯಾಕೆ ಬರಲ್ಲ ಅಂದ್ರೆ ಬೆಲೆ. ಹಳೇ ಮನೆ ಕೆಡವಿ ಒಂದೊಂದು ಮಹಡಿಗೆ ಒಂದೊಂದು ದೊಡ್ಡ ಫ್ಲಾಟ್ ಮಾಡಿ ಕೋಟಿಗಟ್ಟಲೆ ಹೇಳ್ತಾರೆ, ಅದನ್ನ ಕೊಳ್ಳೋರಿಗೆ ಆಗ್ಲೇ ಐವತ್ತು ದಾಟಿರತ್ತೆ. ಚಿಕ್ಕ ಮಗು ಇಟ್ಕೊಂಡ ಸ್ಕೂಲ್ ಟೀಚರ್ರೋ, ನರ್ಸೋ, ಮೆಟ್ರೋ ನೌಕರನೋ ಬಂದಿರೋಕೆ ಎರಡು ರೂಮಿನ ಮನೆ ಸಿಗಲ್ಲ, ಸಿಕ್ಕಿದ್ರೆ ಅಡ್ವಾನ್ಸು ಕೊಡೋಕಾಗಲ್ಲ.

ಇಡೀ ರಾಜ್ಯದ ಲೆಕ್ಕಾನೂ ಸ್ವಲ್ಪ ಹೇಳ್ಬಿಡ್ತೀನಿ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 2.9ರ ಹತ್ರ ಮಕ್ಕಳಿದ್ರು, 2019-21ರ ಐದನೇ ಸಮೀಕ್ಷೆ ಹೊತ್ತಿಗೆ 1.7ಕ್ಕೆ ಬಂತು. ಜನಸಂಖ್ಯೆ ಇದ್ದ ಹಾಗೇ ಇರ್ಬೇಕು ಅಂದ್ರೆ 2.1 ಬೇಕು. 2011ರಲ್ಲಿ ದೇಶದ ಜನರಲ್ಲಿ 60 ದಾಟಿದವರು ಶೇ 8.6, ಕರ್ನಾಟಕದಲ್ಲಿ ಶೇ 9.5, ಕೇರಳದಲ್ಲಿ ನಮಗಿಂತ ಬಹಳ ಜಾಸ್ತಿ. 2031ಕ್ಕೆ ದೇಶದ್ದೇ ಶೇ 13 ದಾಟತ್ತೆ ಅಂತ ಕೇಂದ್ರ ಸರ್ಕಾರದ ಅಂದಾಜಿದೆ. ಇನ್ನೊಂದು ಕಡೆ ಸೊನ್ನೆಯಿಂದ ಆರು ವರ್ಷದ ಮಕ್ಕಳ ಪಾಲು ದೇಶದಲ್ಲಿ 2001ರಲ್ಲಿ ಶೇ 15.9 ಇದ್ದದ್ದು 2011ಕ್ಕೆ ಶೇ 13.6 ಆಯ್ತು. ಫ್ರಾನ್ಸಲ್ಲಿ 65 ದಾಟಿದವರು ಶೇ 7ರಿಂದ 14 ಆಗೋಕೆ 115 ವರ್ಷ ಹಿಡೀತು, ಜಪಾನಲ್ಲಿ 1970ರಿಂದ 1994, ಬರೀ 24 ವರ್ಷ. ನಮ್ಮದು ಫ್ರಾನ್ಸಿನ ದಾರಿ ಅಂತೂ ಅಲ್ಲ.

ಆದ್ರೆ ಇದೆಲ್ಲ ರಾಜ್ಯದ ಲೆಕ್ಕ, ದೇಶದ ಲೆಕ್ಕ. ನಮ್ಮ ವಾರ್ಡಿನದ್ದು ಕೊಡಿ ಅಂದ್ರೆ ಏನು ಸಿಗತ್ತೆ ಗೊತ್ತಾ? ಜನಗಣತಿಯ ವಾರ್ಡ್ ಮಟ್ಟದ ಪಟ್ಟಿಯಲ್ಲಿ ಒಟ್ಟು ಜನ, ಗಂಡು ಹೆಣ್ಣು, ಸಾಕ್ಷರರು, ಕೆಲಸಗಾರರು ಎಲ್ಲ ಇರತ್ತೆ, ವಯಸ್ಸಿನದ್ದು ಅಂತ ಇರೋದು ಒಂದೇ, ಸೊನ್ನೆಯಿಂದ ಆರು ವರ್ಷದ ಮಕ್ಕಳು ಎಷ್ಟು ಅನ್ನೋದು. ಅರವತ್ತು ದಾಟಿದವರು ಎಷ್ಟು, ಎಂಬತ್ತು ದಾಟಿದವರು ಎಷ್ಟು, ಒಂಟಿಯಾಗಿರೋರು ಎಷ್ಟು, ಇಲ್ಲ. ನಾವು ಮನೆಮನೆಗೆ ಹೋಗಿ ಹುಟ್ಟಿದ ದಿನಾಂಕ, ವಯಸ್ಸು ಎರಡೂ ಕೇಳಿ ಬರ್ಕೊಂಡಿರ್ತೀವಿ, ಅದು ಜಿಲ್ಲೆ ಮಟ್ಟದಲ್ಲಿ, ದೊಡ್ಡ ನಗರದ ಮಟ್ಟದಲ್ಲಿ ಕೂಡಿ ಹೊರಗೆ ಬರತ್ತೆ. ಬೆಂಗಳೂರು ನಗರ ಜಿಲ್ಲೆ ಅಂದ್ರೆ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ ಜನ. ಅಷ್ಟು ಜನರ ಸರಾಸರಿ ತೆಗೆದ್ರೆ ಬೆಂಗಳೂರು ಯುವಕರ ಊರು ಅಂತಾನೇ ಬರತ್ತೆ, ಹೊರಗಿಂದ ಕೆಲಸಕ್ಕೆ ಬಂದವರು ಅಷ್ಟಿದ್ದಾರೆ. ಆ ಸರಾಸರಿಯೊಳಗೆ ನಮ್ಮ ಬೀದಿ ಮುಳುಗಿಹೋಗತ್ತೆ. ವಾರ್ಡಿನ ಗಡಿಗಳೂ ಒಂದೇ ಥರ ಇರಲ್ಲ, 2001ರಲ್ಲಿ ನೂರು ವಾರ್ಡು, 2007ರಲ್ಲಿ ಸುತ್ತಮುತ್ತಲ ಪುರಸಭೆ ನಗರಸಭೆ ಹಳ್ಳಿ ಎಲ್ಲ ಸೇರಿ ಬಿಬಿಎಂಪಿ ಆದ್ಮೇಲೆ 198, ಈಗ 2025ರಲ್ಲಿ ಐದು ಪಾಲಿಕೆ ಮಾಡಿ ಮತ್ತೆ ಬೇರೆ. ಹತ್ತು ವರ್ಷದ ಹಿಂದಿನದ್ದರ ಜೊತೆ ಹೋಲಿಸೋಕೆ ಅದೇ ಜಾಗ ಸಿಗಬೇಕಲ್ಲ.

ವಯಸ್ಸು ಬರ್ಕೊಳೋದು ಎಷ್ಟು ಕಷ್ಟ ಅಂತ ಡ್ಯೂಟಿ ಮಾಡಿದವರಿಗೆ ಗೊತ್ತು. ಪೆನ್ಷನ್ ಇರೋರ ಮನೇಲಿ ತಾರೀಖು ಸಮೇತ ಹೇಳ್ತಾರೆ. ಹಳ್ಳಿಯಿಂದ ಮಗನ ಮನೆಗೆ ಬಂದ ಅಜ್ಜಿಯನ್ನ ಕೇಳಿದ್ರೆ, "ಬರ್ಕಳವ್ವ ಒಂದು ಅರವತ್ತೋ ಎಪ್ಪತ್ತೋ" ಅಂತಾರೆ. ಆಗ ನಾವು ಮದುವೆ ಯಾವಾಗ ಆಯ್ತು, ದೊಡ್ಡ ಮಗ ಹುಟ್ಟಿದಾಗ ಯಾವ ಬರಗಾಲ, ಸ್ವಾತಂತ್ರ್ಯ ಬಂದಾಗ ನೀವು ಎಷ್ಟು ದೊಡ್ಡವರಿದ್ರಿ ಅಂತ ಕೇಳಿ ಕೇಳಿ ಹತ್ತಿರ ಬರ್ತೀವಿ. ಹಾಗೆ ಮಾಡ್ದೇ ಇದ್ರೆ ಎಲ್ರದ್ದೂ ಸೊನ್ನೆಗೋ ಐದಕ್ಕೋ ಬಂದು ನಿಲ್ಲತ್ತೆ, ನಮ್ಮ ಜನಗಣತಿಯ ವಯಸ್ಸಿನ ಪಟ್ಟಿ ತೆಗೆದು ನೋಡಿದ್ರೆ 60, 65, 70ರ ಎದುರು ದೊಡ್ಡ ದೊಡ್ಡ ಅಂಕಿ, 61, 69ರ ಎದುರು ಚಿಕ್ಕದು.

ಇನ್ನು ಹೆಂಗಸರ ವಿಷಯ. ನಮ್ಮ ತಲೆಮಾರಲ್ಲಿ ಗಂಡ ಹೆಂಡ್ತಿಗೆ ಐದು, ಎಂಟು, ಕೆಲವು ಕಡೆ ಹತ್ತು ವರ್ಷ ಅಂತರ, ಮೇಲಾಗಿ ಹೆಂಗಸರ ಆಯಸ್ಸು ಸ್ವಲ್ಪ ಜಾಸ್ತಿ. ಎರಡೂ ಸೇರಿದ್ರೆ ಬೀದಿಯ ಕೊನೆಯ ಹತ್ತು ಹದಿನೈದು ವರ್ಷ ಒಂಟಿ ಹೆಂಗಸರದ್ದೇ. ಸಂಬಳ ತಂದಿದ್ದು ಅವರಲ್ಲ, ಸೈಟು ಅವರ ಹೆಸರಲ್ಲಿ ಇರ್ಲಿಲ್ಲ, ಬ್ಯಾಂಕಿನ ಕೆಲಸ ಮಾಡಿ ಗೊತ್ತಿಲ್ಲ, ಕೆಲವರಿಗೆ ಫ್ಯಾಮಿಲಿ ಪೆನ್ಷನ್ ಇದೆ, ಎಷ್ಟೋ ಕಾರ್ಖಾನೆಯವರಿಗೆ ಬರೋ ಪೆನ್ಷನ್ ಔಷಧಿಗೂ ಸಾಲಲ್ಲ. ಮಕ್ಕಳು ಮನೆ ಬರ್ಸ್ಕೊಂಡು ಆಮೇಲೆ ನೋಡ್ಕೊಳಲ್ಲ ಅನ್ನೋ ದೂರು ನನ್ನ ಹತ್ರಾನೂ ಬರತ್ತೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಇದಕ್ಕೇ ಇರೋದು. ನನ್ನನ್ನ ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ದಾನಪತ್ರ ಮಾಡಿ, ಅವರು ನೋಡ್ಕೊಳ್ದೇ ಇದ್ರೆ ಅದನ್ನ ರದ್ದು ಮಾಡಿಸ್ಬಹುದು, ಉಪವಿಭಾಗಾಧಿಕಾರಿ ಹತ್ರ ಅರ್ಜಿ ಹಾಕ್ಬೇಕು. ಆ ಷರತ್ತನ್ನ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ, ಮಗ ತಾನೇ ಅಂತ ಬಿಡ್ಬೇಡಿ. ಬೆಂಗಳೂರು ಪೊಲೀಸರ ಜೊತೆ ಸೇರಿ ನಡೆಯೋ ಹಿರಿಯರ ಸಹಾಯವಾಣಿ 1090, ದೇಶಕ್ಕೆಲ್ಲ ಇರೋದು 14567, ಗೋಡೆ ಮೇಲೆ ದೊಡ್ಡದಾಗಿ ಬರೆದಿಟ್ಕೊಳಿ.

ಮಕ್ಕಳು ಕಮ್ಮಿ ಆಗಿದ್ದು ಎಲ್ಲಿ ಮೊದಲು ಗೊತ್ತಾಗತ್ತೆ ಅಂದ್ರೆ ಶಾಲೇಲಿ. ಲೇಔಟ್ ಮಾಡುವಾಗ ಶಾಲೆಗೆ ಅಂತ ಸಿಎ ಸೈಟ್, ಅಂದ್ರೆ ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಾದ ಜಾಗ ಬಿಟ್ಟಿರ್ತಾರೆ, ನಮ್ಮ ಬಡಾವಣೆಯ ಮಕ್ಕಳೆಲ್ಲ ಅಲ್ಲೇ ಓದ್ತಿದ್ರು. ಆಮೇಲೆ ಇಂಗ್ಲಿಷ್ ಮೀಡಿಯಂ ಕಡೆ ಹೋದ್ರು ಅನ್ನೋದೂ ನಿಜ, ಆದ್ರೆ ಹೋಗೋಕೆ ಮಕ್ಕಳೇ ಕಮ್ಮಿಯಾಗಿದ್ದೂ ಅಷ್ಟೇ ನಿಜ. ಇವತ್ತು ಹಳೇ ಬಡಾವಣೆಗಳ ಸರ್ಕಾರಿ ಕನ್ನಡ ಶಾಲೆಗೆ ಹೋಗಿ ಹಾಜರಿ ಪುಸ್ತಕ ನೋಡಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ವಾಚ್‌ಮನ್ ಮಕ್ಕಳು, ಮನೆಕೆಲಸ ಮಾಡೋರ ಮಕ್ಕಳು. ಕರಾವಳಿ ಮಲೆನಾಡಲ್ಲಿ ಮಕ್ಕಳು ಎಂದೋ ಕಮ್ಮಿಯಾದ್ರು, ಯಾದಗಿರಿ, ರಾಯಚೂರು ಕಡೆ ಇನ್ನೂ ಹಾಗಾಗಿಲ್ಲ, ಹಾಗಾಗಿ ಬೆಂಗಳೂರಿನ ಹಳೇ ಬಡಾವಣೆಯಲ್ಲಿ ಉಳಿದಿರೋ ಎಳೆ ವಯಸ್ಸು ಅಂದ್ರೆ ಹೆಚ್ಚಾಗಿ ಇವರದ್ದೇ. ಬಿಲ್ಡಿಂಗ್ ಮುಗಿದ ತಕ್ಷಣ ಶೆಡ್ ಕಿತ್ತು ಹೊರಡ್ತಾರೆ, ಮಗು ಮಧ್ಯದಲ್ಲೇ ಶಾಲೆ ಬಿಡತ್ತೆ. ನನ್ನ ಕ್ಲಾಸಲ್ಲಿ ಹೀಗೆ ನವೆಂಬರಲ್ಲಿ ಹೇಳ್ದೇ ಕೇಳ್ದೇ ಖಾಲಿಯಾದ ಬೆಂಚುಗಳನ್ನ ನಾನು ಮರೆತಿಲ್ಲ. ಮಕ್ಕಳಿಲ್ಲ ಅಂತ ಶಾಲೆ ಮುಚ್ಚೋ ಮಾತಾಡೋರು, ಇರೋ ಈ ಮಕ್ಕಳನ್ನ ಒಂದೇ ಕಡೆ ಉಳಿಸ್ಕೊಳೋಕೆ ಏನು ಮಾಡಿದ್ವಿ ಅಂತ ಹೇಳ್ಬೇಕು.

ಬಡಾವಣೆಗೆ ವಯಸ್ಸಾದ್ರೆ ಮತ್ತೆ ಎಳೆದಾಗಲ್ಲ ಅಂತೇನಿಲ್ಲ. ವೈಟ್‌ಫೀಲ್ಡ್ ನೋಡಿ. 1882ರಲ್ಲಿ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಅನ್ನೋರು ಆಂಗ್ಲೋ ಇಂಡಿಯನ್ನರಿಗೆ ಒಂದು ಊರು ಬೇಕು ಅಂತ, ಮಹಾರಾಜ ಹತ್ತನೇ ಚಾಮರಾಜ ಒಡೆಯರು ಕೊಟ್ಟ 3,900 ಎಕರೆಯಲ್ಲಿ ಶುರು ಮಾಡಿದ್ದು. ಬೇಸಾಯ ಮಾಡ್ಕೊಂಡು ಇರಲಿ ಅಂತ ಯೋಚನೆ. ಆದ್ರೆ ಹುಡುಗರು ಕೆಲಸ ಹುಡುಕ್ಕೊಂಡು ಬೆಂಗಳೂರಿಗೆ, ಕೋಲಾರದ ಚಿನ್ನದ ಗಣಿಗೆ, ಆಮೇಲೆ ಆಸ್ಟ್ರೇಲಿಯಾಗೆ ಹೋದ್ರು, ಉಳಿದವರು ರಿಟೈರಾದವರು. ತೊಂಬತ್ತರ ದಶಕದವರೆಗೂ ವೈಟ್‌ಫೀಲ್ಡ್ ಅಂದ್ರೆ ಹಂಚಿನ ಬಂಗಲೆ, ಮಾವಿನ ಮರ, ಸಂಜೆ ಕೈಯಲ್ಲಿ ಕೋಲು ಹಿಡಿದು ನಡೆಯೋ ಅಜ್ಜಂದಿರು. ತೊಂಬತ್ತರ ಕೊನೇಲಿ ಐಟಿಪಿಎಲ್ ಅನ್ನೋ ದೊಡ್ಡ ಐಟಿ ಪಾರ್ಕ್ ಬಂತು, ಹದಿನೈದೇ ವರ್ಷಕ್ಕೆ ಊರಲ್ಲೇ ಅತಿ ಎಳೆ ವಯಸ್ಸಿನ ಜಾಗಗಳಲ್ಲಿ ಒಂದಾಯ್ತು. ಕೆಲಸ ಬಂತು, ಜೊತೆಗೆ ಬಾಡಿಗೆ ಮನೆ ಬಂತು, ಅಷ್ಟೇ.

ಅಷ್ಟೇ ಅಂದೆ, ಆದ್ರೆ ಅಲ್ಲೇ ಮುಂದಿನ ಸಮಸ್ಯೆ ಕೂತಿದೆ. 2005ರಲ್ಲಿ ಮೂವತ್ತೈದಕ್ಕೆ ಇಎಂಐ ಶುರು ಮಾಡಿ ವೈಟ್‌ಫೀಲ್ಡಲ್ಲೋ ಸರ್ಜಾಪುರ ರೋಡಲ್ಲೋ ಫ್ಲಾಟ್ ತಗೊಂಡವರಿಗೆ ಈಗ ಐವತ್ತೈದು. ಒಂದೇ ಬಿಲ್ಡಿಂಗಲ್ಲಿ ಮುನ್ನೂರು ಫ್ಲಾಟು, ಒಂದೇ ವರ್ಷ ಪೊಸೆಷನ್, ಒಂದೇ ಥರ ಕೆಲಸ, ಒಂದೇ ಥರ ಸಂಬಳ. ನಮ್ಮ ಸೊಸೈಟಿ ಲೇಔಟ್‌ಗಿಂತ ಬಿಗಿಯಾದ ಬ್ಯಾಚು ಅದು. 2035ಕ್ಕೆ ಅಲ್ಲೂ ಇದೇ ಸಭೆ ಕರೀತಾರೆ. ಆಗ್ಲೇ ಅಲ್ಲಿ ವಯಸ್ಸಾದವರಿಲ್ಲ ಅಂದ್ಕೋಬೇಡಿ, ಮೊಮ್ಮಗು ನೋಡ್ಕೊಳೋಕೆ ಅಂತ ಧಾರವಾಡದಿಂದ, ಶಿವಮೊಗ್ಗದಿಂದ ಬಂದ ಅಪ್ಪ ಅಮ್ಮಂದಿರು ಹನ್ನೆರಡನೇ ಮಹಡೀಲಿ ಇದ್ದಾರೆ. ಲಿಫ್ಟಲ್ಲಿ ಸಿಕ್ಕವರ ಹತ್ರ ಮಾತಾಡೋಕೆ ಭಾಷೆ ಬರಲ್ಲ, ಗೇಟಿಂದ ಹೊರಗೆ ಕಾಲಿಟ್ರೆ ಫುಟ್‌ಪಾತಿಲ್ಲ, ಊರಿನ ಮನೆ ಬೀಗ ಹಾಕಿದೆ. ಇನ್ನು ಅರ್ಕಾವತಿ ಬಡಾವಣೆಯಲ್ಲಿ 2006ರಲ್ಲಿ ಸೈಟು ಹಂಚಿದ್ರು, ಕೋರ್ಟು ಕಚೇರಿ ಅಂತ ಎಷ್ಟೋ ಜನ ಹತ್ತು ವರ್ಷ ಕಳೆದ್ರೂ ಮನೆ ಕಟ್ಟೋಕಾಗ್ಲಿಲ್ಲ, ಅಂಥ ಕಡೆ ಗೃಹಪ್ರವೇಶದ ದಿನಾನೇ ಯಜಮಾನರಿಗೆ ಅರವತ್ತು.

ಜಪಾನಿನ ಟಾಮಾ ನ್ಯೂಟೌನ್ ಬಗ್ಗೆ ಓದಿದಾಗ ನನಗೆ ನಮ್ಮ ಬೀದಿಯೇ ಕಂಡ ಹಾಗಾಯ್ತು. ಟೋಕಿಯೋ ಪಶ್ಚಿಮಕ್ಕೆ, 1971ರಲ್ಲಿ ಮೊದಲ ಸಂಸಾರಗಳು ಬಂದ್ವು, ಎಲ್ಲ ಎಳೆ ವಯಸ್ಸಿನ ದಂಪತಿಗಳು, ಲಿಫ್ಟಿಲ್ಲದ ಐದು ಅಂತಸ್ತಿನ ಸಾಲು ಸಾಲು ಮನೆ. ಮಕ್ಕಳು ದೊಡ್ಡವರಾಗಿ ಹೋದ್ರು, ಶಾಲೆಗಳನ್ನ ಮುಚ್ಚಬೇಕಾಯ್ತು, ಐದನೇ ಅಂತಸ್ತಿನವರು ಇಳಿಯೋಕಾಗದೇ ಮನೇಲೇ ಉಳಿದ್ರು. ಅಲ್ಲಿನ ಸುವಾ ಅನ್ನೋ ಭಾಗದಲ್ಲಿ 640 ಮನೆಯವರು ವರ್ಷಗಟ್ಟಲೆ ಮಾತಾಡಿ ಒಪ್ಕೊಂಡು, ಹಳೇದನ್ನ ಕೆಡವಿ 2013ರಲ್ಲಿ 1,249 ಮನೆ ಮಾಡಿದ್ರು. ಹಳಬರಿಗೆ ಲಿಫ್ಟ್ ಸಿಕ್ತು, ಮಿಕ್ಕ ಮನೆಗಳಿಗೆ ಚಿಕ್ಕ ಮಕ್ಕಳಿರೋ ಸಂಸಾರಗಳು ಬಂದ್ವು. ನಮ್ಮಲ್ಲೂ ಮನೆ ಕೆಡವ್ತಾರೆ, ಆದ್ರೆ ಒಬ್ಬೊಬ್ಬರೇ, ಬಿಲ್ಡರ್ ಹೇಳಿದ ಹಾಗೆ.

ನಾನು ಕೇಳೋದು ದೊಡ್ಡ ಯೋಜನೆ ಏನಲ್ಲ. ಫುಟ್‌ಪಾತ್ 150 ಮಿಲಿಮೀಟರ್‌ಗಿಂತ ಎತ್ತರ ಇರ್ಬಾರದು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮವೇ ಇದೆ, ಅಂದ್ರೆ ಅರ್ಧ ಅಡಿ. ನಮ್ಮ ಮುಖ್ಯರಸ್ತೇಲಿ ಸ್ಕೇಲ್ ಹಿಡಿದು ನೋಡಿ, ಕೆಲವು ಕಡೆ ಅದರ ಎರಡರಷ್ಟಿದೆ, ಪ್ರತಿ ಗೇಟಿಗೂ ಇಳಿದು ಹತ್ತಬೇಕು, ಅದಕ್ಕೇ ವಯಸ್ಸಾದವರು ರಸ್ತೇಲೇ ನಡೀತಾರೆ. ಖಾಲಿಯಾಗಿರೋ ಶಾಲೆ ರೂಮುಗಳಲ್ಲಿ ಒಂದರಲ್ಲಿ ಅಂಗನವಾಡಿ, ಒಂದರಲ್ಲಿ ಹಗಲು ಹೊತ್ತು ಹಿರಿಯರು ಕೂರೋ ಜಾಗ ಆಗ್ಬಹುದು, ಶಾಲೆ ಶಾಲೆಯಾಗೇ ಇರಲಿ. ಮುಂದಿನ ಗಣತಿ 2027ಕ್ಕೆ, ಲೆಕ್ಕದ ಕ್ಷಣ ಮಾರ್ಚ್ 1. ಈ ಸಲ ವಾರ್ಡ್ ಮಟ್ಟದಲ್ಲೂ ವಯಸ್ಸಿನ ಪಟ್ಟಿ ಬಿಡಿ ಅಂತ ಸಂಘಗಳೆಲ್ಲ ಸೇರಿ ಕೇಳ್ಬೇಕು, ಮೊಬೈಲಲ್ಲೇ ಬರ್ಕೊಳೋ ಗಣತಿ ಅಂದ್ಮೇಲೆ ಕೂಡಿ ಕೊಡೋದು ಕಷ್ಟ ಆಗ್ಬಾರದು. ಮತ್ತೆ ನಿಮ್ಮ ಮನೇಲೇ ಇದ್ದು ನಿಮ್ಮನ್ನ ನೋಡ್ಕೊಳೋ ಹುಡುಗಿ ಇದ್ರೆ ಅವಳನ್ನೂ ಬರೆಸಿ, ಹಿಂದಿನ ಸಲ ಎಷ್ಟೋ ಮನೇಲಿ "ಅವಳು ಕೆಲಸದವಳು, ಅವಳನ್ನೂ ಬರೀಬೇಕಾ" ಅಂತ ಕೇಳಿದ್ರು.

ಮಾತಾದ್ಮೇಲೆ ಪ್ರಶ್ನೆ ಕೇಳಿದ್ರು. ಮನೆ ಮಾರಿ ವೃದ್ಧರ ಅಪಾರ್ಟ್‌ಮೆಂಟಿಗೆ ಹೋಗೋದು ಒಳ್ಳೇದಾ ಅಂತ ಒಬ್ರು ಕೇಳಿದ್ರು. ದುಡ್ಡಿದ್ದು, ಮನಸ್ಸಿದ್ದು, ಆರೋಗ್ಯ ಇರುವಾಗ್ಲೇ ಹೋದ್ರೆ ಒಳ್ಳೇದು ಅಂದೆ, ಹಾಸಿಗೆ ಹಿಡಿದ್ಮೇಲೆ ಹೊಸ ಜಾಗಕ್ಕೆ ಹೊಂದ್ಕೊಳೋದು ಬಹಳ ಕಷ್ಟ. ನನ್ನ ಮಟ್ಟಿಗೆ ನಾನು ಇಲ್ಲೇ ಇರ್ತೀನಿ, ಬರೀ ವಯಸ್ಸಾದವರೇ ಇರೋ ಕಡೆ ಹೋಗೋಕೆ ನನಗೆ ಇಷ್ಟ ಇಲ್ಲ.

ಹಿಂದಿನ ಸಾಲಿಂದ ಒಬ್ಬ ಯಜಮಾನರು ಎದ್ದು, "ಮೇಡಂ, ಈ ಪಿಜಿಗಳಿಂದಾನೇ ಬಡಾವಣೆ ಹಾಳಾಗಿದ್ದು, ಗಲಾಟೆ, ಪಾರ್ಕಿಂಗು, ಕಸ, ನೀರು, ಸಂಘದಿಂದ ಅರ್ಜಿ ಕೊಟ್ಟು ಎಲ್ಲ ಮುಚ್ಚಿಸ್ಬೇಕು" ಅಂದ್ರು, ಚಪ್ಪಾಳೇನೂ ಬಂತು. ಅವರು ಹೇಳಿದ ತೊಂದರೆ ಒಂದೂ ಸುಳ್ಳಲ್ಲ. ಒಂದು ರೂಮಿಗೆ ಆರು ಮಂಚ ಹಾಕಿ, ಬೆಂಕಿ ಬಿದ್ರೆ ಓಡೋಕೆ ದಾರಿ ಇಲ್ಲದ ಪಿಜಿಗಳನ್ನ ಮುಚ್ಚಿಸ್ಲೇಬೇಕು, ಅದು ಆ ಮಕ್ಕಳ ಜೀವಕ್ಕೇ ಅಪಾಯ. ಆದ್ರೆ ಸಾರ್, ಎಲ್ಲ ಮುಚ್ಚಿಸಿದ್ರೆ ನಮ್ಮ ಬೀದೀಲಿ ನಲವತ್ತರ ಕೆಳಗಿನವರು ಯಾರು ಉಳೀತಾರೆ ಹೇಳಿ ಅಂದೆ. ಆ ಹುಡುಗರು ಎರಡು ವರ್ಷ ಇದ್ದು ಹೋಗ್ತಾರೆ, ಅವರ ಹೆಸರೂ ನಮಗೆ ಗೊತ್ತಿರಲ್ಲ, ನಮ್ಮ ಹೆಸರು ಅವರಿಗೆ ಗೊತ್ತಿರಲ್ಲ. ಸಂಘದ ಮೀಟಿಂಗಿಗೆ ಬಾಡಿಗೆದಾರರನ್ನ ಒಂದು ಸಲಾನಾದ್ರೂ ಕರೆದಿದ್ದೀವಾ? ಮದುವೆಯಾಗಿ ಮಗು ಆದ ಇದೇ ಹುಡುಗರು ಸಂಸಾರಕ್ಕೆ ಎರಡು ರೂಮಿನ ಮನೆ ಕೇಳ್ಕೊಂಡು ಬಂದಾಗ, ಮಾಂಸ ತಿಂತೀರಾ, ಯಾವ ಜನ, ಎಷ್ಟು ಜನ ನೆಂಟರು ಬರ್ತಾರೆ ಅಂತ ಕೇಳಿ ವಾಪಸ್ ಕಳಿಸೋದು ನಾವೇ. ಈ ಸಭೇಲಿರೋರಲ್ಲೇ ಎಷ್ಟೋ ಜನರ ಮೇಲಿನ ಮಹಡಿ ಖಾಲಿ ಇದೆ. ಚಿಕ್ಕ ಮಗು ಇರೋ ಸಂಸಾರಕ್ಕೆ ಅಡ್ವಾನ್ಸ್ ಕಮ್ಮಿ ಮಾಡಿ ಕೊಡ್ತೀವಿ ಅಂತ ಹತ್ತು ಮನೆಯವರು ಒಪ್ಪಿದ್ರೆ, ಮುಂದಿನ ಜೂನಲ್ಲಿ ನಮ್ಮ ಶಾಲೆಯ ಒಂದನೇ ಕ್ಲಾಸಿಗೆ ಅಷ್ಟು ಮಕ್ಕಳು ಬರ್ತಾರೆ. ಆ ಯಜಮಾನರು ಕೂತ್ಕೊಂಡ್ರು, ಒಪ್ಪಲಿಲ್ಲ. ಇಬ್ಬರು ಮಾತ್ರ ಆಮೇಲೆ ಬಂದು ಹೆಸರು ಕೊಟ್ಟಿದ್ದಾರೆ, ಇನ್ನೂ ಕೊಡೋರಿದ್ರೆ ಸಂಘದ ಆಫೀಸಲ್ಲಿ ಪುಸ್ತಕ ಇಟ್ಟಿದೆ, ಸಂಜೆ ಐದರಿಂದ ಏಳರವರೆಗೆ ತೆಗೆದಿರತ್ತೆ.